ಒಬ್ಬರ ಲ್ಯಾಪ್‌ಟಾಪಿನಿಂದ ಹೊರಡುವ ಬಿಡುಗಡೆಯನ್ನು ಫಾಸ್ಟ್‌ಲೇನ್‌ಗೆ ಒಪ್ಪಿಸುವುದು: ಎಲ್ಲಿಂದ ಆರಂಭಿಸಬೇಕು?

ಮೂಲಸಂಕೇತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ಚಿಕ್ಕ ತಂಡ. ಒಂದೇ ಆ್ಯಪ್ ಅನ್ನು ಆಂಡ್ರಾಯ್ಡ್‌ಗೂ ಐಫೋನ್‌ಗೂ ಬೇರೆಬೇರೆಯಾಗಿ ಬರೆದು, ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿಯನ್ನು ಹೊರತರುತ್ತೇವೆ. ಈವರೆಗೆ ಆ ಕೆಲಸವನ್ನೆಲ್ಲ ತಂಡದ ಹಿರಿಯರೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಕೈಯಾರೆ ಮಾಡುತ್ತ ಬಂದಿದ್ದಾರೆ: ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಸಹಿ ಹಾಕಿದ ಬಂಡಲ್ (ಸ್ಟೋರ್‌ಗೆ ಕಳುಹಿಸುವ ಫೈಲ್) ತಯಾರಿಸುವುದು, ಎಕ್ಸ್‌ಕೋಡ್‌ನಲ್ಲಿ ಆರ್ಕೈವ್ ಮಾಡುವುದು, ಎರಡೂ ಸ್ಟೋರ್‌ಗಳ ಪುಟಕ್ಕೆ ಹೋಗಿ ಫೈಲ್ ಏರಿಸುವುದು, ಬದಲಾವಣೆಗಳ ಟಿಪ್ಪಣಿಯನ್ನು ತುಂಬುವುದು. ಒಂದು ಬಿಡುಗಡೆಗೆ ಅರ್ಧ ದಿನ ಹಿಡಿಯುತ್ತದೆ.

ಸಮಯ ವ್ಯಯವಾಗುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಈಚೆಗೆ ನಡೆದ ಎರಡು ಘಟನೆಗಳು. ಮೊದಲನೆಯದರಲ್ಲಿ, ಪರೀಕ್ಷಾ ಸರ್ವರಿನ ವಿಳಾಸವಿದ್ದ ಬಿಲ್ಡ್ (ಕೋಡಿನಿಂದ ತಯಾರಾದ ಆ್ಯಪ್) ಬಳಕೆದಾರರ ಕೈಸೇರಿತು. ಬಿಡುಗಡೆಗೆ ಮುನ್ನ ಒಂದು ಸಾಲನ್ನು ಬದಲಿಸಬೇಕಿತ್ತು, ಆ ದಿನ ಅದು ಮರೆತುಹೋಗಿತ್ತು. ಎರಡನೆಯದರಲ್ಲಿ, ಆ ಹಿರಿಯರು ರಜೆಯಲ್ಲಿದ್ದಾಗ ತುರ್ತಾಗಿ ಒಂದು ತಿದ್ದುಪಡಿ ಕಳುಹಿಸಬೇಕಾಯಿತು; ಸಹಿಯ ಕೀಲಿ ಇರುವ ಕೀಸ್ಟೋರ್ ಫೈಲೂ ಅದರ ಪಾಸ್‌ವರ್ಡೂ ಅವರ ಯಂತ್ರದಲ್ಲಿ ಮಾತ್ರ ಇದ್ದುದರಿಂದ, ತಿದ್ದಿದ ಕೋಡ್ ನಮ್ಮ ಮುಂದೆ ಸಿದ್ಧವಾಗಿದ್ದರೂ ಮೂರು ದಿನ ಕಾಯಬೇಕಾಯಿತು.

ಆದ್ದರಿಂದ ಬಿಡುಗಡೆಯ ಹೆಜ್ಜೆಗಳನ್ನು ತಾನಾಗಿ ಓಡಿಸುವ ಫಾಸ್ಟ್‌ಲೇನ್ ಎಂಬ ಉಪಕರಣವನ್ನು ಅಳವಡಿಸಿಕೊಳ್ಳಲು ನಿರ್ಧರಿಸಿದ್ದೇವೆ. ನನ್ನ ಯಂತ್ರದಲ್ಲಿ ಅದನ್ನು ಸ್ಥಾಪಿಸಿ, ಎರಡು ವೇದಿಕೆಗಳಿಗೂ ಒಂದೊಂದು ಲೇನ್ (ಹೆಜ್ಜೆಗಳ ಸರಣಿ) ಬರೆದೆ. ಮೂರು ಕಡೆ ತಡೆ ಉಂಟಾಗಿದೆ. ಆ್ಯಪಲ್ ಖಾತೆಗೆ ಪ್ರವೇಶಿಸುವಾಗ ಫೋನಿಗೆ ಬರುವ ಆರು ಅಂಕಿಯ ಸಂಕೇತವನ್ನು ಯಾರಾದರೂ ಕುಳಿತು ತುಂಬಬೇಕಾಗುತ್ತಿದೆ. ಎರಡನೆಯ ಬಾರಿ ಏರಿಸಿದಾಗ ಆ ಸಂಖ್ಯೆಯ ಬಿಲ್ಡ್ ಈಗಾಗಲೇ ಇದೆ ಎಂದು ಸ್ಟೋರ್ ತಿರಸ್ಕರಿಸುತ್ತಿದೆ. ಮೂರನೆಯದಾಗಿ, ನಾಳೆ ಈ ಲೇನ್‌ಗಳನ್ನು ಬಿಲ್ಡ್ ಸರ್ವರಿನಲ್ಲಿ ಓಡಿಸಬೇಕೆಂದರೆ ಯಾರ ಪ್ರಮಾಣಪತ್ರದಿಂದ ಸಹಿ ಹಾಕಿಸಬೇಕು ಎಂಬುದೇ ತಿಳಿಯುತ್ತಿಲ್ಲ. ಇವುಗಳ ಜೊತೆಗೆ, ಯಾವುದನ್ನು ಮೊದಲು ಸ್ವಯಂಚಾಲಿತಗೊಳಿಸಬೇಕು, ಯಾವುದನ್ನು ಮನುಷ್ಯರ ಕೈಯಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನೂ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ನಿಧಾನಗತಿ

ಮೂಲಸಂಕೇತ ಅವರೇ, ನೀವು ಹೇಳಿದ ಎರಡನೆಯ ಘಟನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಬಿಡುಗಡೆ ನಿಂತದ್ದು ಆಜ್ಞೆಗಳು ತಿಳಿಯದೆ ಅಲ್ಲ, ಕೀಲಿ ಒಬ್ಬರ ಬಳಿ ಇದ್ದದ್ದರಿಂದ. ಫಾಸ್ಟ್‌ಲೇನ್ ಆಜ್ಞೆಗಳನ್ನು ಸರಣಿಯಾಗಿ ಓಡಿಸಿಕೊಡುತ್ತದೆ. ಕೀಲಿಗಳು ಎಲ್ಲಿರಬೇಕು, ಯಾರಿಗೆ ಸಿಗಬೇಕು ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ನಾನು ನೋಡಿದ ತಂಡಗಳಲ್ಲಿ ಈ ಕೆಲಸಕ್ಕೆ ಹಿಡಿದ ಸಮಯದ ಬಹುಪಾಲು ಸಹಿಯ ವ್ಯವಸ್ಥೆಗೇ ಹೋಗಿದೆ, ಲೇನ್ ಬರೆಯುವುದಕ್ಕಲ್ಲ.

ಲೇನ್‌ಗಳನ್ನು ತಿದ್ದುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಿರಿಯ ಸಹೋದ್ಯೋಗಿ ಮುಂದಿನ ಬಿಡುಗಡೆ ಮಾಡುವಾಗ ಪಕ್ಕದಲ್ಲಿ ಕುಳಿತು, ಅವರು ಮಾಡುವ ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಳ್ಳಿ. ಅವರು ಯೋಚಿಸದೆಯೇ ಮಾಡುವ ಸಣ್ಣ ಹೆಜ್ಜೆಗಳನ್ನೂ ಬಿಡಬೇಡಿ. ಹಳೆಯ ಬಿಲ್ಡ್ ಫೋಲ್ಡರ್ ಅಳಿಸುವುದು, ಯಾವುದೋ ಒಂದು ಸಾಲನ್ನು ತಾತ್ಕಾಲಿಕವಾಗಿ ಕಾಮೆಂಟ್ ಮಾಡುವುದು, ಒಂದು ಪರೀಕ್ಷೆ ವಿಫಲವಾದರೆ ಇನ್ನೊಮ್ಮೆ ಓಡಿಸುವುದು, ಇಂಥವೇ ಮುಂದೆ ಸರ್ವರಿನಲ್ಲಿ ಕಾರಣ ತಿಳಿಯದ ದೋಷಗಳಾಗಿ ಕಾಣಿಸಿಕೊಳ್ಳುತ್ತವೆ.

ಈಗ ನಿಮ್ಮ ಮೂರು ತಡೆಗಳ ವಿಷಯ.

ಆರು ಅಂಕಿಯ ಸಂಕೇತದ ಸಮಸ್ಯೆಗೆ ಪರಿಹಾರವೆಂದರೆ ವ್ಯಕ್ತಿಯ ಖಾತೆಯಿಂದ ಪ್ರವೇಶಿಸುವುದನ್ನೇ ಕೈಬಿಡುವುದು. ಆ್ಯಪ್‌ಗಳನ್ನು ನಿರ್ವಹಿಸುವ ಆ್ಯಪಲ್‌ನ ತಾಣವಾದ ಆ್ಯಪ್ ಸ್ಟೋರ್ ಕನೆಕ್ಟ್‌ನಲ್ಲಿ ಎಪಿಐ ಕೀಲಿಯೊಂದನ್ನು (ತಂತ್ರಾಂಶಗಳು ಪ್ರವೇಶಿಸಲು ಬಳಸುವ ಕೀಲಿ) ಸೃಷ್ಟಿಸಿಕೊಳ್ಳಬಹುದು. ಕೀಲಿಯ ಗುರುತು, ನೀಡಿದವರ ಗುರುತು ಮತ್ತು ಪಿ8 ಫೈಲ್ ಈ ಮೂರನ್ನು ಫಾಸ್ಟ್‌ಲೇನ್‌ಗೆ ಕೊಟ್ಟರೆ ಎರಡನೆಯ ಹಂತದ ದೃಢೀಕರಣವನ್ನು ಅದು ಕೇಳುವುದಿಲ್ಲ. ಆ ಪಿ8 ಫೈಲನ್ನು ಒಂದೇ ಒಂದು ಸಲ ಇಳಿಸಿಕೊಳ್ಳಲು ಸಾಧ್ಯ. ಕಳೆದರೆ ಹಳೆಯ ಕೀಲಿಯನ್ನು ರದ್ದುಪಡಿಸಿ ಹೊಸದನ್ನು ಮಾಡಿಕೊಳ್ಳಬೇಕು. ಆದ್ದರಿಂದ ಇಳಿಸಿದ ಗಳಿಗೆಯಲ್ಲೇ ತಂಡದ ಪಾಸ್‌ವರ್ಡ್ ಭಂಡಾರಕ್ಕೆ ಸೇರಿಸಿ. ಕೀಲಿಗೆ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರ ಕೊಡಬೇಡಿ. ಪ್ರವೇಶದ ಸೆಷನ್ ಅನ್ನು ಉಳಿಸಿಟ್ಟುಕೊಂಡು ಸರ್ವರಿಗೆ ಕೊಡುವ ಹಳೆಯ ಉಪಾಯವೊಂದೂ ಇದೆ. ಆ ಸೆಷನ್‌ಗೆ ಆಯುಷ್ಯ ಕಡಿಮೆ, ಅದು ಮುಗಿದ ದಿನ ಬಿಡುಗಡೆ ನಿಂತುಹೋಗುತ್ತದೆ.

ಯಾರ ಪ್ರಮಾಣಪತ್ರ ಎಂಬ ಪ್ರಶ್ನೆಗೆ ಉತ್ತರ: ಯಾರದೂ ಅಲ್ಲ, ತಂಡದ್ದು. ಫಾಸ್ಟ್‌ಲೇನ್‌ನ ಮ್ಯಾಚ್ ಎಂಬ ಭಾಗವನ್ನು ಇದಕ್ಕಾಗಿಯೇ ರೂಪಿಸಿದ್ದಾರೆ. ಅದು ಬಿಡುಗಡೆಯ ಪ್ರಮಾಣಪತ್ರ, ಅದರ ಖಾಸಗಿ ಕೀಲಿ ಮತ್ತು ಪ್ರೊವಿಶನಿಂಗ್ ಪ್ರೊಫೈಲ್‌ಗಳನ್ನು (ಆ್ಯಪ್‌ಗೆ ಆ್ಯಪಲ್ ಕೊಡುವ ಅನುಮತಿಯ ಫೈಲ್‌ಗಳು) ಗೂಢಲಿಪಿಗೆ ಬದಲಿಸಿ ಒಂದು ಪ್ರತ್ಯೇಕ ಖಾಸಗಿ ಗಿಟ್ ಭಂಡಾರದಲ್ಲಿ ಇಡುತ್ತದೆ; ಬೇಕಾದರೆ ಕ್ಲೌಡ್ ಸಂಗ್ರಹದಲ್ಲೂ ಇಡಬಹುದು. ಪಾಸ್‌ವರ್ಡ್ ತಿಳಿದಿರುವ ಯಾವ ಯಂತ್ರವಾದರೂ ಅವನ್ನು ಇಳಿಸಿಕೊಂಡು ಅದೇ ಸಹಿಯನ್ನು ಹಾಕಬಲ್ಲದು. ಹೊಸ ಪ್ರಮಾಣಪತ್ರ ಸೃಷ್ಟಿಸುವ ಕೆಲಸವನ್ನು ಒಬ್ಬರು ಒಮ್ಮೆ ತಮ್ಮ ಯಂತ್ರದಲ್ಲಿ ಮಾಡಲಿ. ಸರ್ವರಿನಲ್ಲಿ ಮ್ಯಾಚ್ ಯಾವಾಗಲೂ ಓದಲು-ಮಾತ್ರ ಸ್ಥಿತಿಯಲ್ಲಿ ಓಡಬೇಕು. ಇಲ್ಲವಾದರೆ ಯಾವುದೋ ಒಂದು ಗೊಂದಲದಲ್ಲಿ ಸರ್ವರು ತಾನೇ ಹೊಸ ಪ್ರಮಾಣಪತ್ರ ಮಾಡಲು ಹೊರಡುತ್ತದೆ, ಆ್ಯಪಲ್ ವಿಧಿಸಿರುವ ಮಿತಿ ಬೇಗನೆ ತುಂಬುತ್ತದೆ. ಮ್ಯಾಚ್‌ನಲ್ಲಿ ನ್ಯೂಕ್ ಎಂಬ ಉಪಾಜ್ಞೆಯೂ ಇದೆ. ಅದು ಖಾತೆಯಲ್ಲಿರುವ ಆ ಬಗೆಯ ಪ್ರಮಾಣಪತ್ರಗಳನ್ನೂ ಪ್ರೊಫೈಲ್‌ಗಳನ್ನೂ ರದ್ದುಪಡಿಸುತ್ತದೆ. ಅದೇ ಖಾತೆಯನ್ನು ಇನ್ನೊಂದು ತಂಡ ಬಳಸುತ್ತಿದ್ದರೆ ಅವರ ಬಿಲ್ಡ್‌ಗಳೂ ನಿಲ್ಲುತ್ತವೆ. ದೋಷ ಬಂದಾಗ ಎಲ್ಲೋ ಓದಿದ ಸಲಹೆಯನ್ನು ನಂಬಿ ಅದನ್ನು ಓಡಿಸಬೇಡಿ.

ಬಿಲ್ಡ್ ಸಂಖ್ಯೆಯನ್ನು ಯಾರೂ ಕೈಯಿಂದ ಬರೆಯದಂತೆ ಮಾಡುವುದು ಮೂರನೆಯ ಪರಿಹಾರ. ಪರೀಕ್ಷಕರಿಗೆ ಬಿಲ್ಡ್ ಹಂಚುವ ಆ್ಯಪಲ್‌ನ ಟೆಸ್ಟ್‌ಫ್ಲೈಟ್‌ನಲ್ಲಿ ಈಗಿರುವ ದೊಡ್ಡ ಸಂಖ್ಯೆಯನ್ನು ಕೇಳಿ ಪಡೆಯುವ ಕ್ರಿಯೆ ಫಾಸ್ಟ್‌ಲೇನ್‌ನಲ್ಲಿದೆ. ಆಂಡ್ರಾಯ್ಡ್‌ಗೂ ಪ್ಲೇ ಸ್ಟೋರ್‌ನ ಟ್ರ್ಯಾಕ್‌ನಲ್ಲಿರುವ (ಬಿಡುಗಡೆ ಯಾವ ಗುಂಪಿಗೆ ಹೋಗಬೇಕೆಂಬ ಹಾದಿ) ಸಂಖ್ಯೆಗಳನ್ನು ಕೇಳಬಹುದು. ಅದಕ್ಕೆ ಒಂದು ಸೇರಿಸಿದರೆ ಆಯಿತು. ಒಂದೇ ಹೊತ್ತಿಗೆ ಎರಡು ಬಿಲ್ಡ್ ಓಡಿದರೆ ಮಾತ್ರ ಎರಡಕ್ಕೂ ಅದೇ ಉತ್ತರ ಸಿಕ್ಕಿ ಮತ್ತೆ ಘರ್ಷಣೆಯಾಗುತ್ತದೆ. ಬಿಲ್ಡ್ ಸರ್ವರು ಪ್ರತಿ ಓಟಕ್ಕೂ ಕೊಡುವ ಏರಿಕೆಯ ಸಂಖ್ಯೆಯನ್ನೇ ಬಳಸುವುದು ನನಗೆ ಹೆಚ್ಚು ಇಷ್ಟ, ಏಕೆಂದರೆ ಬಳಕೆದಾರರೊಬ್ಬರು ದೋಷ ವರದಿ ಮಾಡಿದಾಗ ಆ ಸಂಖ್ಯೆಯಿಂದ ನೇರವಾಗಿ ಆ ಓಟದ ದಾಖಲೆಗೆ ಹೋಗಬಹುದು.

ಯಾವುದು ಮೊದಲು ಎಂದು ಕೇಳಿದ್ದೀರಿ. ಪರೀಕ್ಷಕರಿಗೆ ಹೋಗುವ ಬಿಡುಗಡೆಯನ್ನು ಮೊದಲು ತೆಗೆದುಕೊಳ್ಳಿ. ಅದು ದಿನವೂ ನಡೆಯುವುದರಿಂದ ಸರಪಳಿಯ ದೌರ್ಬಲ್ಯಗಳು ಬೇಗ ಕಾಣುತ್ತವೆ, ಮತ್ತು ತಪ್ಪಿದರೆ ಹಾನಿ ಕಡಿಮೆ.

ಸಹಿಗಾರ

ನಿಧಾನಗತಿಯವರ ಮಾತಿಗೆ ಆಂಡ್ರಾಯ್ಡ್ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ, ಏಕೆಂದರೆ ಈ ಚರ್ಚೆಗಳಲ್ಲಿ ಐಫೋನಿನ ತೊಡಕುಗಳಿಗೇ ಎಲ್ಲರ ಗಮನ ಹೋಗಿ, ಆಂಡ್ರಾಯ್ಡ್‌ನ ಅಪಾಯಗಳು ಗಮನಕ್ಕೆ ಬಾರದೆ ಉಳಿಯುತ್ತವೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಟ್ರ್ಯಾಕ್. ಪ್ಲೇ ಸ್ಟೋರ್‌ಗೆ ಏರಿಸುವ ಕ್ರಿಯೆಗೆ ನೀವು ಯಾವ ಟ್ರ್ಯಾಕ್ ಎಂದು ಹೇಳದಿದ್ದರೆ ಅದು ಪ್ರೊಡಕ್ಷನ್ ಎಂದೇ ತಿಳಿಯುತ್ತದೆ. ಪರೀಕ್ಷೆಗೆಂದು ಓಡಿಸಿದ ಮೊದಲ ಲೇನ್ ನೇರವಾಗಿ ಎಲ್ಲ ಬಳಕೆದಾರರತ್ತ ಹೊರಟ ಪ್ರಸಂಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಟರ್ನಲ್ ಎಂಬ ಟ್ರ್ಯಾಕ್ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಆರಂಭದ ದಿನಗಳಲ್ಲಿ ಬಿಡುಗಡೆಯ ಸ್ಥಿತಿಯನ್ನು ಡ್ರಾಫ್ಟ್ ಎಂದು ಇಡಿ. ಏನನ್ನೂ ಪ್ರಕಟಿಸದೆ ಪರಿಶೀಲನೆಯನ್ನಷ್ಟೇ ಮಾಡುವ ಆಯ್ಕೆಯೂ ಇದೆ, ಮೊದಲ ದಿನ ಅದರೊಂದಿಗೇ ಓಡಿಸಿ. ಮೆಟಾಡೇಟಾ ಫೋಲ್ಡರ್ ಇದ್ದರೆ ವಿವರಣೆ, ಚಿತ್ರಗಳು, ಸ್ಕ್ರೀನ್‌ಶಾಟ್‌ಗಳನ್ನೂ ಆ ಕ್ರಿಯೆ ಏರಿಸುತ್ತದೆ. ಮಾರುಕಟ್ಟೆ ವಿಭಾಗದವರು ಸ್ಟೋರಿನ ಪುಟದಲ್ಲೇ ತಿದ್ದಿದ ವಿವರಣೆಯನ್ನು ನಿಮ್ಮ ಭಂಡಾರದಲ್ಲಿರುವ ಹಳೆಯ ಪಠ್ಯ ಅಳಿಸಿಹಾಕಬಾರದೆಂದರೆ ಅವನ್ನು ಬಿಡುವ ಆಯ್ಕೆಗಳನ್ನು ಕೊಡಬೇಕು.

ಸರ್ವರು ಪ್ಲೇ ಸ್ಟೋರ್‌ನೊಂದಿಗೆ ಮಾತನಾಡಲು ಸರ್ವಿಸ್ ಅಕೌಂಟ್ (ವ್ಯಕ್ತಿಯ ಬದಲು ತಂತ್ರಾಂಶ ಬಳಸುವ ಖಾತೆ) ಬೇಕು. ಅದನ್ನು ಗೂಗಲ್ ಕ್ಲೌಡ್‌ನಲ್ಲಿ ಸೃಷ್ಟಿಸಿ, ಜೇಸನ್ ಕೀಲಿ ಪಡೆದು, ಬಳಿಕ ಪ್ಲೇ ಕನ್ಸೋಲ್‌ನಲ್ಲಿ ಬಳಕೆದಾರರನ್ನು ಆಹ್ವಾನಿಸುವ ಕಡೆ ಅದರ ವಿಳಾಸ ಕೊಟ್ಟು, ಈ ಒಂದು ಆ್ಯಪ್‌ಗೆ ಮಾತ್ರ ಬಿಡುಗಡೆಯ ಅನುಮತಿ ನೀಡಬೇಕು. ಎರಡನೆಯ ಹೆಜ್ಜೆಯನ್ನು ಮರೆತು, ಕೀಲಿ ಸರಿಯಾಗಿದ್ದರೂ ಅನುಮತಿ ಇಲ್ಲವೆಂಬ ದೋಷವನ್ನು ನೋಡುತ್ತ ಕೂರುವವರು ಬಹಳ. ನಿಮ್ಮ ಆ್ಯಪ್ ಈಗಾಗಲೇ ಸ್ಟೋರಿನಲ್ಲಿರುವುದರಿಂದ ಒಂದು ತೊಡಕು ನಿಮಗಿಲ್ಲ: ಹೊಸ ಆ್ಯಪ್ ಆಗಿದ್ದರೆ ಮೊದಲ ಫೈಲನ್ನು ಕೈಯಾರೆ ಏರಿಸಿದ ನಂತರವಷ್ಟೇ ಎಪಿಐ ಮೂಲಕ ಏರಿಸಲು ಬರುತ್ತದೆ.

ಕೀಸ್ಟೋರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳೆಲ್ಲ ಆ್ಯಪ್ ಬಂಡಲ್ ರೂಪದಲ್ಲೇ ಬರಬೇಕು ಮತ್ತು ಅಂತಿಮ ಸಹಿಯ ಕೀಲಿ ಗೂಗಲ್‌ನ ಬಳಿ ಇರಬೇಕು ಎಂಬ ನಿಯಮವಿದೆ. ಅಂಥ ಆ್ಯಪ್‌ಗಳಿಗೆ ನಿಮ್ಮ ಬಳಿ ಇರುವುದು ಅಪ್‌ಲೋಡ್ ಕೀಲಿ ಮಾತ್ರ, ಅದು ಕಳೆದರೆ ಅರ್ಜಿ ಸಲ್ಲಿಸಿ ಬದಲಿಸಿಕೊಳ್ಳಬಹುದು. ನಿಮ್ಮ ಆ್ಯಪ್ ಅದಕ್ಕಿಂತ ಹಳೆಯದಾಗಿದ್ದು, ಪ್ಲೇ ಸೈನಿಂಗ್ ಎಂಬ ಈ ವ್ಯವಸ್ಥೆಗೆ ಸೇರದೇ ಇದ್ದರೆ, ನಿಮ್ಮ ಹಿರಿಯರ ಲ್ಯಾಪ್‌ಟಾಪಿನಲ್ಲಿರುವ ಆ ಒಂದು ಫೈಲೇ ಅಂತಿಮ ಕೀಲಿ. ಅದು ನಾಶವಾದರೆ ಅದೇ ಆ್ಯಪ್‌ಗೆ ಇನ್ನೊಂದು ಆವೃತ್ತಿಯನ್ನು ಕಳುಹಿಸುವ ದಾರಿಯೇ ಇರುವುದಿಲ್ಲ. ದಯವಿಟ್ಟು ಇದನ್ನು ಇವತ್ತೇ ಪರಿಶೀಲಿಸಿ. ಉಳಿದೆಲ್ಲ ಕೆಲಸಗಳೂ ಇದರ ನಂತರ.

ಕೀಸ್ಟೋರನ್ನು ಬೇಸ್64ಗೆ ಬದಲಿಸಿ ಸರ್ವರಿನ ರಹಸ್ಯಗಳ ಪಟ್ಟಿಯಲ್ಲಿ ಇಡುವುದು ರೂಢಿ. ಬೇಸ್64 ಎಂಬುದು ಬರವಣಿಗೆಯ ರೂಪ ಅಷ್ಟೇ, ಗೂಢಲಿಪಿಯಲ್ಲ. ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಹೀಗಾಗಿ ಆ ಪಠ್ಯವನ್ನು ಗಿಟ್ ಭಂಡಾರಕ್ಕೆ ಹಾಕಬಾರದು. ಈಗಾಗಲೇ ಹಾಕಿದ್ದರೆ, ಫೈಲ್ ಅಳಿಸಿ ಕಮಿಟ್ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಹಳೆಯ ಕಮಿಟ್‌ಗಳಲ್ಲಿ ಹಾಗೆಯೇ ಇರುತ್ತದೆ; ಕೀಲಿಯನ್ನೇ ಬದಲಿಸುವುದು ಸರಿಯಾದ ಕ್ರಮ.

ಸಂಖ್ಯೆಯ ವಿಷಯಕ್ಕೆ ಇನ್ನೊಂದು ಎಚ್ಚರಿಕೆ. ದಿನಾಂಕ ಮತ್ತು ಸಮಯವನ್ನು ಜೋಡಿಸಿ ವರ್ಷನ್ ಕೋಡ್ (ಆಂಡ್ರಾಯ್ಡ್‌ನ ಬಿಲ್ಡ್ ಸಂಖ್ಯೆ) ಮಾಡುವ ಆಸೆ ಅನೇಕರಿಗಿರುತ್ತದೆ. ಪ್ಲೇ ಸ್ಟೋರ್ ಒಪ್ಪುವ ಗರಿಷ್ಠ ಸಂಖ್ಯೆ 2100000000. ವರ್ಷಕ್ಕೆ ಎರಡೇ ಅಂಕಿ ಇಟ್ಟು ತಿಂಗಳು, ದಿನ, ಗಂಟೆ, ನಿಮಿಷ ಸೇರಿಸಿದರೂ ಈಗಿನ ವರ್ಷಗಳಲ್ಲಿ ಈ ಮಿತಿಯನ್ನು ಮೀರುತ್ತದೆ. ನಿಮಿಷ ಬಿಟ್ಟು ಮಿತಿಯೊಳಗೆ ಇಟ್ಟುಕೊಂಡರೂ, ಒಮ್ಮೆ ಅಷ್ಟು ದೊಡ್ಡ ಸಂಖ್ಯೆ ಬಳಸಿದ ಮೇಲೆ ಮುಂದಿನದು ಅದಕ್ಕಿಂತ ದೊಡ್ಡದೇ ಆಗಿರಬೇಕು, ಹಿಂದೆ ಬರಲಾಗುವುದಿಲ್ಲ. ಸಣ್ಣ ಸಂಖ್ಯೆಯಿಂದ ಒಂದೊಂದಾಗಿ ಏರುವುದೇ ಕ್ಷೇಮ.

ಬರಿಶೆಲ್

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ಫಾಸ್ಟ್‌ಲೇನ್ ಒಳ್ಳೆಯ ಉಪಕರಣ. 2014ರಲ್ಲಿ ಫೆಲಿಕ್ಸ್ ಕ್ರೌಸೆ ಅದನ್ನು ಆರಂಭಿಸಿದಾಗ ಈ ಕೆಲಸಗಳನ್ನು ಆಜ್ಞೆಗಳ ಮೂಲಕ ಮಾಡಿಸುವ ಅಧಿಕೃತ ದಾರಿಗಳು ಕಡಿಮೆ ಇದ್ದವು. ಈಗ ಪರಿಸ್ಥಿತಿ ಬದಲಾಗಿದೆ. ಆಂಡ್ರಾಯ್ಡ್ ಬಂಡಲ್ ತಯಾರಿಸಲು ಬಿಲ್ಡ್ ಉಪಕರಣವಾದ ಗ್ರೇಡಲ್ ರ‍್ಯಾಪರ್‌ನ ಒಂದೇ ಆಜ್ಞೆ ಸಾಕು, ಮತ್ತು ಯಾವ ಗ್ರೇಡಲ್ ಆವೃತ್ತಿ ಬೇಕೆಂಬುದನ್ನು ಆ ರ‍್ಯಾಪರ್ ತನ್ನ ಫೈಲಿನಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಐಫೋನಿಗೆ ಎಕ್ಸ್‌ಕೋಡ್‌ಬಿಲ್ಡ್ ಆಜ್ಞೆಯೇ ಆರ್ಕೈವ್ ಮಾಡಿ ರಫ್ತು ಮಾಡುತ್ತದೆ. ಇವುಗಳ ಮೇಲೆ ರೂಬಿ ಭಾಷೆಯಲ್ಲಿ ಬರೆದ ಇನ್ನೊಂದು ಪದರವನ್ನು ಹಾಕಿಕೊಂಡರೆ, ರೂಬಿಯ ಆವೃತ್ತಿ, ಅದರ ಜೆಮ್‌ಗಳು (ಕೋಡ್ ಪೊಟ್ಟಣಗಳು), ಅವುಗಳ ನಡುವಿನ ಹೊಂದಾಣಿಕೆ ಇವೆಲ್ಲವನ್ನೂ ನಾಲ್ಕು ಜನರ ತಂಡವೇ ನೋಡಿಕೊಳ್ಳಬೇಕಾಗುತ್ತದೆ, ಮತ್ತು ಆ ನಾಲ್ವರಲ್ಲಿ ರೂಬಿ ಬಲ್ಲವರು ಯಾರೂ ಇಲ್ಲದಿರಬಹುದು.

ನಾನು ಬಳಸುವುದು ಒಂದು ಮೇಕ್‌ಫೈಲ್ ಮತ್ತು ನಾಲ್ಕೈದು ಚಿಕ್ಕ ಶೆಲ್ ಸ್ಕ್ರಿಪ್ಟ್‌ಗಳು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ಮೇಕ್ ಇವತ್ತಿಗೂ ಬಹುತೇಕ ಯಂತ್ರಗಳಲ್ಲಿ ಸುಲಭವಾಗಿ ಸಿಗುತ್ತದೆ, ಮತ್ತು ಹೊಸಬರು ಮೇಕ್‌ಫೈಲ್ ತೆರೆದರೆ ಯಾವ ಆಜ್ಞೆ ಓಡುತ್ತಿದೆ ಎಂಬುದು ಮರೆಯಿಲ್ಲದೆ ಕಾಣುತ್ತದೆ. ಶೆಲ್ ಆರಿಸಿಕೊಂಡವರು ಒಂದು ವಿಷಯದಲ್ಲಿ ಮಾತ್ರ ಬಹಳ ಜಾಗರೂಕರಾಗಿರಬೇಕು. ಎಕ್ಸ್‌ಕೋಡ್‌ಬಿಲ್ಡ್ ಕಾರುವ ಸಾವಿರಾರು ಸಾಲುಗಳನ್ನು ಓದಲು ಅನುಕೂಲವಾಗಲೆಂದು ಅದರ ಔಟ್‌ಪುಟ್ ಅನ್ನು ಪೈಪ್ ಮೂಲಕ ಇನ್ನೊಂದು ಆಜ್ಞೆಗೆ ಕೊಡುವುದು ರೂಢಿ. ಪೈಪ್‌ನಲ್ಲಿ ಕೊನೆಯ ಆಜ್ಞೆಯ ಫಲಿತಾಂಶವನ್ನಷ್ಟೇ ಶೆಲ್ ಪರಿಗಣಿಸುತ್ತದೆ. ಬಿಲ್ಡ್ ವಿಫಲವಾದರೂ ಸಾಲುಗಳನ್ನು ಅಂದಗೊಳಿಸುವ ಆಜ್ಞೆ ಯಶಸ್ವಿಯಾದ್ದರಿಂದ ಸ್ಕ್ರಿಪ್ಟ್ ಮುಂದೆ ಸಾಗಿ, ಫೋಲ್ಡರಿನಲ್ಲಿ ಉಳಿದಿದ್ದ ನಿನ್ನೆಯ ಫೈಲನ್ನು ಏರಿಸುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ, ಪೈಪಿನ ಯಾವ ಆಜ್ಞೆ ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಆಯ್ಕೆಯನ್ನೂ, ದೋಷ ಬಂದೊಡನೆ ನಿಲ್ಲುವ ಆಯ್ಕೆಯನ್ನೂ ಹಾಕಿ, ಬಿಲ್ಡ್‌ಗೆ ಮುನ್ನ ಹಳೆಯ ಫೋಲ್ಡರನ್ನು ಅಳಿಸಿ.

ನಿಧಾನಗತಿ

ಬರಿಶೆಲ್ ಅವರ ಎಚ್ಚರಿಕೆ ನ್ಯಾಯವಾದದ್ದು, ಪೈಪಿನ ವಿಷಯವನ್ನು ಅವರು ಹೇಳಿದ್ದು ಬಹಳ ಒಳ್ಳೆಯದಾಯಿತು. ಆಂಡ್ರಾಯ್ಡ್ ಮಾತ್ರ ಇದ್ದಿದ್ದರೆ ನಾನೂ ಅವರ ದಾರಿಯನ್ನೇ ಹೇಳುತ್ತಿದ್ದೆ. ಆದರೆ ಐಫೋನಿನ ಪ್ರಮಾಣಪತ್ರಗಳನ್ನು ಯಂತ್ರದಿಂದ ಯಂತ್ರಕ್ಕೆ ಹಂಚುವ ಕೆಲಸವನ್ನು ಶೆಲ್‌ನಲ್ಲಿ ಮೊದಲಿನಿಂದ ಬರೆದುಕೊಂಡರೆ, ಕೊನೆಗೆ ನಮ್ಮ ಕೈಯಲ್ಲಿರುವುದು ಮ್ಯಾಚ್‌ನ ಅರೆಬರೆ ನಕಲು. ಅದನ್ನು ಕಾಪಾಡುವ ಹೊರೆಯೂ ನಮ್ಮದೇ ಆಗುತ್ತದೆ. ರೂಬಿಯ ತೊಂದರೆಗೆ ಒಂದು ಪರಿಹಾರವಿದೆ: ಫಾಸ್ಟ್‌ಲೇನ್ ಅನ್ನು ಯಂತ್ರಕ್ಕೆ ನೇರವಾಗಿ ಹಾಕದೆ ಜೆಮ್‌ಫೈಲ್‌ನಲ್ಲಿ ಬರೆದು, ಜೆಮ್‌ಗಳನ್ನು ನೋಡಿಕೊಳ್ಳುವ ಬಂಡ್ಲರ್ ಸೃಷ್ಟಿಸುವ, ಆವೃತ್ತಿಗಳನ್ನು ಹಿಡಿದಿಡುವ ಲಾಕ್ ಫೈಲನ್ನೂ ಗಿಟ್‌ಗೆ ಸೇರಿಸಿ, ಪ್ರತಿ ಸಲವೂ ಬಂಡಲ್ ಎಕ್ಸೆಕ್ ಮೂಲಕವೇ ಓಡಿಸಬೇಕು. ಆಗ ಎಲ್ಲರ ಯಂತ್ರದಲ್ಲೂ ಸರ್ವರಿನಲ್ಲೂ ಅದೇ ಆವೃತ್ತಿ ಓಡುತ್ತದೆ.

ಮೂಲಸಂಕೇತ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಮೊದಲು ಸಹಿಗಾರ ಅವರಿಗೆ ಧನ್ಯವಾದ ಹೇಳಬೇಕು. ಅವರ ಮಾತು ಓದಿದ ದಿನವೇ ಪರಿಶೀಲಿಸಿದೆವು. ನಮ್ಮ ಆ್ಯಪ್ ಹಳೆಯದು, ಪ್ಲೇ ಸೈನಿಂಗ್‌ಗೆ ಸೇರಿರಲಿಲ್ಲ, ಕೀಸ್ಟೋರಿನ ಎರಡನೆಯ ಪ್ರತಿ ಎಲ್ಲೂ ಇರಲಿಲ್ಲ. ಆ ಸಂಜೆಯೇ ಪ್ರತಿಗಳನ್ನು ಮಾಡಿ ಭದ್ರಪಡಿಸಿದೆವು, ಸೇರ್ಪಡೆಯ ಪ್ರಕ್ರಿಯೆಯನ್ನೂ ಮುಗಿಸಿದ್ದೇವೆ.

ಹಿರಿಯರ ಪಕ್ಕದಲ್ಲಿ ಕುಳಿತು ಹೆಜ್ಜೆಗಳನ್ನು ಬರೆದಾಗ ಇಪ್ಪತ್ತಾರು ಹೆಜ್ಜೆಗಳು ಸಿಕ್ಕವು. ಅವುಗಳಲ್ಲಿ ಒಂಬತ್ತು ಅವರಿಗೇ ನೆನಪಿರದವು. ಆಂಡ್ರಾಯ್ಡ್‌ನ ಪರೀಕ್ಷಾ ಬಿಡುಗಡೆ ಈಗ ಮುಖ್ಯ ಶಾಖೆಗೆ ಕೋಡ್ ಸೇರಿದೊಡನೆ ತಾನಾಗಿ ನಡೆಯುತ್ತದೆ. ಐಫೋನಿನದ್ದು ನನ್ನ ಯಂತ್ರದಲ್ಲಿ ಸರಿಯಾಗಿ ಓಡುತ್ತದೆ. ಆದರೆ ಬಿಲ್ಡ್ ಸರ್ವರಿಗೆಂದು ಮೀಸಲಿಟ್ಟ ಮ್ಯಾಕ್‌ನಲ್ಲಿ ಸಹಿ ಹಾಕುವ ಹಂತಕ್ಕೆ ಬಂದು ನಿಂತುಬಿಡುತ್ತದೆ. ದೋಷವೂ ಇಲ್ಲ, ಸಂದೇಶವೂ ಇಲ್ಲ; ನಲವತ್ತು ನಿಮಿಷ ಕಾದು ನಾವೇ ನಿಲ್ಲಿಸಬೇಕಾಗುತ್ತದೆ. ಮ್ಯಾಚ್ ಪ್ರಮಾಣಪತ್ರವನ್ನು ಇಳಿಸಿಕೊಂಡದ್ದು ದಾಖಲೆಯಲ್ಲಿ ಕಾಣುತ್ತದೆ. ಏನಿರಬಹುದು?

ಸಹಿಗಾರ

ಅದು ನಿಂತಿಲ್ಲ, ಉತ್ತರಕ್ಕಾಗಿ ಕಾಯುತ್ತಿದೆ. ಖಾಸಗಿ ಕೀಲಿಯನ್ನು ಬಳಸಲು ಸಹಿ ಹಾಕುವ ಕೋಡ್‌ಸೈನ್ ಆಜ್ಞೆಯು ಮ್ಯಾಕ್‌ನ ಕೀಲಿಗಳ ಭಂಡಾರವಾದ ಕೀಚೈನ್ ಅನ್ನು ಕೇಳಿದಾಗ, ಅನುಮತಿ ಕೊಡುವಿರಾ ಎಂದು ಪಾಸ್‌ವರ್ಡ್ ಕೇಳುವ ಒಂದು ಚಿಕ್ಕ ಕಿಟಕಿಯನ್ನು ಮ್ಯಾಕ್ ತೆರೆಯುತ್ತದೆ. ನಿಮ್ಮ ಯಂತ್ರದಲ್ಲಿ ಎಂದೋ ಒಮ್ಮೆ ನೀವು ಸದಾ ಅನುಮತಿಸು ಎಂದು ಒತ್ತಿರುತ್ತೀರಿ. ಸರ್ವರಿನ ಪರದೆಯ ಮುಂದೆ ಯಾರೂ ಇಲ್ಲದಿರುವುದರಿಂದ ಆ ಕಿಟಕಿ ಹಾಗೆಯೇ ತೆರೆದಿರುತ್ತದೆ.

ಲೇನ್‌ನ ಮೊದಲಿಗೆ ಸೆಟಪ್ ಸಿಐ ಎಂಬ ಕ್ರಿಯೆಯನ್ನು ಸೇರಿಸಿ. ಅದು ತಾತ್ಕಾಲಿಕ ಕೀಚೈನ್ ಒಂದನ್ನು ಸೃಷ್ಟಿಸಿ, ಮ್ಯಾಚ್ ತನ್ನ ಪ್ರಮಾಣಪತ್ರಗಳನ್ನು ಅಲ್ಲಿಗೇ ಹಾಕುವಂತೆ ಮಾಡುತ್ತದೆ ಮತ್ತು ಮ್ಯಾಚ್ ಅನ್ನು ಓದಲು-ಮಾತ್ರ ಸ್ಥಿತಿಗೆ ತರುತ್ತದೆ. ನಿಮ್ಮದು ಸ್ವಂತ ಮ್ಯಾಕ್ ಆಗಿರುವುದರಿಂದ ಒಂದು ಸೂಕ್ಷ್ಮವಿದೆ. ತಾನು ಸಿಐ (ಸ್ವಯಂಚಾಲಿತ ಬಿಲ್ಡ್ ಸರ್ವರಿನ) ಪರಿಸರದಲ್ಲಿದ್ದೇನೆ ಎಂಬುದನ್ನು ಈ ಕ್ರಿಯೆ ಪರಿಸರ ಚರಾಂಶಗಳಿಂದ ಗುರುತಿಸುತ್ತದೆ. ಗುರುತು ಸಿಗದಿದ್ದರೆ ಏನನ್ನೂ ಮಾಡದೆ ಮುಂದೆ ಹೋಗುತ್ತದೆ. ಆಗ ಫೋರ್ಸ್ ಆಯ್ಕೆ ಕೊಡಬೇಕು. ಆದರೆ ಅದು ತಾತ್ಕಾಲಿಕ ಕೀಚೈನನ್ನೇ ಪೂರ್ವನಿಯೋಜಿತ ಕೀಚೈನ್ ಆಗಿಸುವುದರಿಂದ, ಅದೇ ಮ್ಯಾಕ್ ಅನ್ನು ಯಾರಾದರೂ ದಿನನಿತ್ಯದ ಕೆಲಸಕ್ಕೂ ಬಳಸುತ್ತಿದ್ದರೆ ಅವರ ಉಳಿಸಿಟ್ಟ ಪಾಸ್‌ವರ್ಡ್‌ಗಳು ಕಾಣದಂತಾಗಿ ಗಾಬರಿಯಾಗಬಹುದು. ಬಿಲ್ಡ್‌ಗೆಂದೇ ಪ್ರತ್ಯೇಕ ಬಳಕೆದಾರ ಖಾತೆಯೊಂದನ್ನು ಆ ಮ್ಯಾಕ್‌ನಲ್ಲಿ ತೆರೆಯಿರಿ. ಬಿಲ್ಡ್ ಕೆಲಸಕ್ಕೆ ಕಾಲಮಿತಿಯನ್ನೂ ಹಾಕಿ; ಸಾಮಾನ್ಯವಾಗಿ ಹನ್ನೆರಡು ನಿಮಿಷ ಹಿಡಿಯುವುದಾದರೆ ಇಪ್ಪತ್ತೈದಕ್ಕೆ ತಾನಾಗಿ ನಿಲ್ಲಲಿ.

ಹಾಗೆಯೇ ಆ ಖಾತೆಯಲ್ಲಿ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಹೊಂದಿಕೆ) ಯುಟಿಎಫ್-8 ಇದೆಯೇ ಎಂದು ನೋಡಿ. ಫಾಸ್ಟ್‌ಲೇನ್ ಅದನ್ನು ನಿರೀಕ್ಷಿಸುತ್ತದೆ. ನಿಮ್ಮ ಬದಲಾವಣೆಗಳ ಟಿಪ್ಪಣಿ ಕನ್ನಡದಲ್ಲಿದ್ದರಂತೂ ಇದನ್ನು ಮರೆಯುವಂತಿಲ್ಲ.

ಕೊನೆಹಂತ

ಇದುವರೆಗಿನ ಉತ್ತರಗಳನ್ನು ಓದಿದೆ, ಎಲ್ಲವೂ ಉಪಯುಕ್ತ. ಆದರೆ ಮೂಲಸಂಕೇತ ಅವರು ಮೊದಲೇ ಹೇಳಿದ ಒಂದು ಘಟನೆಗೆ, ಅಂದರೆ ಪರೀಕ್ಷಾ ಸರ್ವರಿನ ವಿಳಾಸ ಬಳಕೆದಾರರ ಬಿಲ್ಡ್‌ಗೆ ಸೇರಿದ್ದಕ್ಕೆ, ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ಲೇನ್ ಬರೆದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ತಪ್ಪು ಸಂರಚನೆಯನ್ನು ಲೇನ್ ಅಷ್ಟೇ ನಿಷ್ಠೆಯಿಂದ, ಇನ್ನೂ ವೇಗವಾಗಿ ಕಳುಹಿಸುತ್ತದೆ.

ಸಾಮಾನ್ಯ ಸಲಹೆಯೆಂದರೆ ಪರೀಕ್ಷೆಗೊಂದು ಬಿಲ್ಡ್, ಬಿಡುಗಡೆಗೊಂದು ಬಿಲ್ಡ್ ಎಂದು ಎರಡು ಸಂರಚನೆಗಳನ್ನು ಇಡುವುದು. ಇದರಲ್ಲಿ ಒಂದು ಮೂಲಭೂತ ಕೊರತೆಯಿದೆ: ಪರೀಕ್ಷಕರು ವಾರವಿಡೀ ಪರೀಕ್ಷಿಸಿದ ಫೈಲೇ ಒಂದು, ಬಳಕೆದಾರರಿಗೆ ಹೋಗುವುದು ಯಾರೂ ತೆರೆದು ನೋಡದ ಇನ್ನೊಂದು. ನಾನು ಅನುಸರಿಸುವ ಕ್ರಮ ಹೀಗಿದೆ. ಪರೀಕ್ಷಾ ಸರ್ವರಿನೊಂದಿಗೆ ಮಾತನಾಡುವುದನ್ನು ಬೇರೆ ಅಪ್ಲಿಕೇಶನ್ ಐಡಿ, ಬೇರೆ ಹೆಸರು, ಬೇರೆ ಐಕಾನ್ ಇರುವ ಪ್ರತ್ಯೇಕ ಆ್ಯಪ್ ಆಗಿ ಮಾಡುತ್ತೇನೆ. ಅದು ಬಿಡುಗಡೆಯ ಆ್ಯಪ್‌ನ ಜಾಗಕ್ಕೆ ಹೋಗಲು ಸ್ಟೋರೇ ಬಿಡುವುದಿಲ್ಲ. ಬಿಡುಗಡೆಗೆ ಸಿದ್ಧವಾದ ಬಿಲ್ಡ್ ಅನ್ನು ಒಮ್ಮೆ ಮಾತ್ರ ತಯಾರಿಸಿ, ಇಂಟರ್ನಲ್ ಟ್ರ್ಯಾಕ್‌ಗೂ ಟೆಸ್ಟ್‌ಫ್ಲೈಟ್‌ಗೂ ಕಳುಹಿಸಿ, ಪರೀಕ್ಷಕರು ಒಪ್ಪಿದ ಮೇಲೆ ಅದೇ ಫೈಲನ್ನು ಮುಂದಕ್ಕೆ ಸರಿಸುತ್ತೇನೆ. ಪ್ಲೇ ಸ್ಟೋರ್‌ನಲ್ಲಿ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಬಡ್ತಿ ಕೊಡುವ ಆಯ್ಕೆ ಫಾಸ್ಟ್‌ಲೇನ್‌ನಲ್ಲಿದೆ. ಐಫೋನಿಗೆ, ಟೆಸ್ಟ್‌ಫ್ಲೈಟ್‌ನಲ್ಲಿ ಈಗಾಗಲೇ ಇರುವ ಬಿಲ್ಡ್ ಸಂಖ್ಯೆಯನ್ನು ಕೊಟ್ಟು, ಫೈಲನ್ನು ಮತ್ತೆ ಏರಿಸದೆ ಪರಿಶೀಲನೆಗೆ ಸಲ್ಲಿಸಬಹುದು. ಟೆಸ್ಟ್‌ಫ್ಲೈಟ್ ಬಿಲ್ಡ್ 90 ದಿನಗಳಿಗೆ ಮುಗಿಯುತ್ತದೆ ಎಂಬುದಷ್ಟೇ ನೆನಪಿರಲಿ.

ಇದರ ಜೊತೆಗೆ ಏರಿಸುವ ಮುನ್ನ ಒಂದು ತಪಾಸಣೆ ಇಡಿ. ಮೂಲ ಕೋಡನ್ನಲ್ಲ, ತಯಾರಾದ ಫೈಲನ್ನು ತಪಾಸಣೆ ಮಾಡಬೇಕು. ಆಂಡ್ರಾಯ್ಡ್‌ನ ಬಂಡಲ್ ಆಗಲಿ ಐಫೋನಿನ ಐಪಿಎ ಆಗಲಿ ಒಳಗೆ ಜಿಪ್ ಫೈಲೇ. ಅದನ್ನು ಬಿಡಿಸಿ ಪರೀಕ್ಷಾ ಸರ್ವರಿನ ವಿಳಾಸದ ಅಕ್ಷರಗಳು ಎಲ್ಲಿಯಾದರೂ ಸಿಗುತ್ತವೆಯೇ ಎಂದು ಹುಡುಕಿ, ಸಿಕ್ಕರೆ ಲೇನ್ ಅಲ್ಲೇ ವಿಫಲವಾಗುವಂತೆ ಬರೆದರೆ ಹತ್ತು ಸಾಲು ಸಾಕು. ನಿಮ್ಮನ್ನು ಒಮ್ಮೆ ಕಾಡಿದ ತಪ್ಪಿಗೆ ಈ ಹತ್ತು ಸಾಲುಗಳು ಬಹಳ ಬೆಲೆಬಾಳುತ್ತವೆ. ಗಿಟ್‌ನಲ್ಲಿ ಕಮಿಟ್ ಆಗದ ಬದಲಾವಣೆ ಇದ್ದರೆ ನಿಲ್ಲಿಸುವ ಕ್ರಿಯೆ ಫಾಸ್ಟ್‌ಲೇನ್‌ನಲ್ಲೇ ಇದೆ, ಅದನ್ನೂ ಹಾಕಿ. ಕುಸಿತದ ವರದಿಗಳನ್ನು ಓದಲು ಬೇಕಾಗುವ ಫೈಲ್‌ಗಳನ್ನು, ಅಂದರೆ ಆಂಡ್ರಾಯ್ಡ್‌ನ ಮ್ಯಾಪಿಂಗ್ ಫೈಲ್ ಮತ್ತು ಐಫೋನಿನ ಡಿಸಿಮ್‌ಗಳನ್ನು, ಬಿಲ್ಡ್ ಆದ ಕೂಡಲೇ ಜೋಪಾನ ಮಾಡಿ; ನಂತರ ಅದೇ ಕೋಡಿನಿಂದ ಮತ್ತೆ ಬಿಲ್ಡ್ ಮಾಡಿದರೂ ಅವು ಹೊಂದುತ್ತವೆ ಎಂಬ ಭರವಸೆಯಿಲ್ಲ.

ಮನುಷ್ಯರ ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಎಲ್ಲ ಬಳಕೆದಾರರಿಗೆ ತೆರೆಯುವ ಆ ಒಂದು ನಿರ್ಧಾರ. ಸರ್ವರಿನಲ್ಲಿ ಓಡುವ ತಂತ್ರಾಂಶವಾದರೆ ಹಿಂದಿನ ಆವೃತ್ತಿಗೆ ನಿಮಿಷಗಳಲ್ಲಿ ಮರಳಬಹುದು. ಫೋನಿಗೆ ಇಳಿದ ಆವೃತ್ತಿಯನ್ನು ನೀವು ಹಿಂದಕ್ಕೆ ಕರೆಸಿಕೊಳ್ಳಲಾರಿರಿ. ಪ್ಲೇ ಸ್ಟೋರ್‌ನಲ್ಲಿ ಶೇಕಡಾವಾರು ಹಂಚಿಕೆಯನ್ನು ನಡುವೆ ನಿಲ್ಲಿಸಿದರೂ, ಅದಾಗಲೇ ಪಡೆದವರ ಬಳಿ ಅದು ಉಳಿಯುತ್ತದೆ. ತಿದ್ದಿ, ಇನ್ನೂ ದೊಡ್ಡ ಸಂಖ್ಯೆಯ ಹೊಸ ಬಿಲ್ಡ್ ಕಳುಹಿಸುವುದೊಂದೇ ದಾರಿ. ಆ್ಯಪಲ್‌ನ ಹಂತಹಂತದ ಬಿಡುಗಡೆ ಏಳು ದಿನಗಳದ್ದು: ಸ್ವಯಂ ನವೀಕರಣ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇ. 1, ಬಳಿಕ 2, 5, 10, 20, 50, ಏಳನೆಯ ದಿನ ಎಲ್ಲರಿಗೂ. ನಡುವೆ ಒಟ್ಟು 30 ದಿನಗಳವರೆಗೆ ತಡೆಹಿಡಿಯಬಹುದು. ಆದ್ದರಿಂದ ಲೇನ್ ಸಣ್ಣ ಶೇಕಡಾವಾರಿನವರೆಗೆ ಕೊಂಡೊಯ್ದು ನಿಲ್ಲಲಿ. ಕುಸಿತದ ವರದಿಗಳನ್ನು ನೋಡಿ ಮುಂದಕ್ಕೆ ಒಯ್ಯುವವರು ನೀವಾಗಿರಿ.

ಮೂಲಸಂಕೇತ

ಕಿಟಕಿಯ ವಿಷಯ ನಿಜವಾಗಿತ್ತು. ಆ ಮ್ಯಾಕ್‌ಗೆ ಪರದೆ ಜೋಡಿಸಿ ನೋಡಿದಾಗ ಒಂದರ ಮೇಲೊಂದರಂತೆ ಹನ್ನೊಂದು ಕಿಟಕಿಗಳು ತೆರೆದು ಕುಳಿತಿದ್ದವು. ಪ್ರತ್ಯೇಕ ಖಾತೆ ಮಾಡಿ, ಫೋರ್ಸ್ ಆಯ್ಕೆಯೊಂದಿಗೆ ಸೆಟಪ್ ಸಿಐ ಸೇರಿಸಿದ ಮೇಲೆ ಹದಿನಾಲ್ಕು ನಿಮಿಷಗಳಲ್ಲಿ ಬಿಲ್ಡ್ ಟೆಸ್ಟ್‌ಫ್ಲೈಟ್ ತಲುಪಿತು. ಕೊನೆಹಂತ ಅವರು ಹೇಳಿದ ತಪಾಸಣೆಯನ್ನು ಬರೆದು, ಉದ್ದೇಶಪೂರ್ವಕವಾಗಿ ಪರೀಕ್ಷಾ ವಿಳಾಸ ಹಾಕಿ ಓಡಿಸಿದೆವು. ಲೇನ್ ಏರಿಸುವ ಮುನ್ನವೇ ನಿಂತಿತು. ಪ್ರತ್ಯೇಕ ಅಪ್ಲಿಕೇಶನ್ ಐಡಿಯ ಕೆಲಸ ಇನ್ನೂ ಬಾಕಿ ಇದೆ, ಏಕೆಂದರೆ ಅಧಿಸೂಚನೆಗಳ ಸಂರಚನೆಯನ್ನೂ ಎರಡಾಗಿ ಒಡೆಯಬೇಕಾಗಿದೆ.

ಒಂದೇ ಒಂದು ಕೊನೆಯ ಸಂದೇಹ. ಸರ್ವರಿನಲ್ಲಿ ಮ್ಯಾಚ್ ಓದಲು-ಮಾತ್ರ ಇದ್ದರೆ, ಪ್ರಮಾಣಪತ್ರದ ಅವಧಿ ಮುಗಿದಾಗ ಏನಾಗುತ್ತದೆ?

ನಿಧಾನಗತಿ

ಬಿಲ್ಡ್ ವಿಫಲವಾಗುತ್ತದೆ, ಹಾಗಾಗುವುದೇ ಸರಿ. ಬಿಡುಗಡೆಯ ಪ್ರಮಾಣಪತ್ರಕ್ಕೂ ಪ್ರೊಫೈಲ್‌ಗೂ ಒಂದು ವರ್ಷದ ಅವಧಿ ಇರುತ್ತದೆ. ಸ್ಟೋರಿನಲ್ಲಿ ಈಗಾಗಲೇ ಇರುವ ಆ್ಯಪ್‌ಗೆ ತೊಂದರೆಯಾಗುವುದಿಲ್ಲ, ಹೊಸ ಬಿಲ್ಡ್ ಮಾತ್ರ ಆಗುವುದಿಲ್ಲ. ಮುಗಿಯುವ ದಿನಾಂಕಕ್ಕೆ ಒಂದು ತಿಂಗಳ ಮೊದಲಿನ ದಿನವನ್ನು ತಂಡದ ಕ್ಯಾಲೆಂಡರಿನಲ್ಲಿ ಬರೆದಿಡಿ; ಆ ದಿನ ಅಧಿಕಾರವಿರುವ ಒಬ್ಬರು ತಮ್ಮ ಯಂತ್ರದಿಂದ ಹಳೆಯದನ್ನು ತೆಗೆದು, ಮ್ಯಾಚ್ ಅನ್ನು ಬರೆಯುವ ಸ್ಥಿತಿಯಲ್ಲಿ ಓಡಿಸಿ ಹೊಸದನ್ನು ಭಂಡಾರಕ್ಕೆ ಸೇರಿಸಬೇಕು. ಅದನ್ನು ಹೇಗೆ ಮಾಡಬೇಕೆಂಬುದನ್ನು ನಿಮ್ಮ ಇಪ್ಪತ್ತಾರು ಹೆಜ್ಜೆಗಳ ಪಟ್ಟಿಯ ಪಕ್ಕದಲ್ಲೇ ಬರೆದಿಟ್ಟರೆ, ಮುಂದಿನ ವರ್ಷ ಆ ಕೆಲಸ ಯಾರ ಪಾಲಿಗೆ ಬಂದರೂ ತಡವಾಗುವುದಿಲ್ಲ.

ಮೂಲಸಂಕೇತ

ಬರೆದಿಟ್ಟಿದ್ದೇನೆ. ಕೀಲಿ ಇದ್ದ ಆ ಹಿರಿಯರು ಮುಂದಿನ ವಾರ ಮತ್ತೆ ರಜೆಯಲ್ಲಿರುತ್ತಾರೆ. ಆ ವಾರದ ಬಿಡುಗಡೆಯನ್ನು ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರು ಮಾಡಲಿದ್ದಾರೆ. ಎಲ್ಲಾದರೂ ತೊಡಕು ಕಂಡರೆ ಇಲ್ಲಿಯೇ ತಿಳಿಸುತ್ತೇನೆ.